ಪುದುಚೇರಿಯ ಹಳೇ ಪೇಟೆಯಲ್ಲಿ ಬೊಟಿಕ್ ಹೋಟೆಲ್ ವಾಸ: ಕೋಣೆ ಆರಿಸುವುದರಿಂದ ಬಿಲ್ ಕಟ್ಟುವವರೆಗೆ

ಪುದುಚೇರಿಯ ಯಾವುದಾದರೂ ಬೊಟಿಕ್ ಹೋಟೆಲ್ ಬಗ್ಗೆ ಇಬ್ಬರು ಬರೆದದ್ದನ್ನು ಒಟ್ಟಿಗೆ ಓದಿ ನೋಡಿ. ಒಬ್ಬರು ‘ಅರಮನೆ’ ಅಂತಾರೆ. ಇನ್ನೊಬ್ಬರು ‘ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ, ರಾತ್ರಿಯಿಡೀ ನೀರಿನ ಮೋಟರ್ ಸದ್ದು’ ಅಂತ ದೂರುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ, ಉಳಿದುಕೊಂಡ ಕೋಣೆಗಳು ಬೇರೆ ಅಷ್ಟೆ. ದೊಡ್ಡ ಕಂಪನಿಗಳ ಹೋಟೆಲ್‌ಗಳಲ್ಲಿ ಮೂರನೇ ಮಹಡಿಯ ಕೋಣೆಗೂ ಐದನೇ ಮಹಡಿಯದಕ್ಕೂ ವ್ಯತ್ಯಾಸ ಇರುವುದಿಲ್ಲ. ಇಲ್ಲಿರುವುದು ಒಂದು ಕಾಲಕ್ಕೆ ಯಾರದೋ ಮನೆಯಾಗಿದ್ದ ಕಟ್ಟಡಗಳು. ಯಜಮಾನರ ಮಲಗುವ ಕೋಣೆ, ಉಗ್ರಾಣ, ಹಿತ್ತಲ ಕಡೆಯ ಚಾವಡಿ ಎಲ್ಲವೂ ಈಗ ಬಾಡಿಗೆಗೆ ಸಿಗುತ್ತವೆ, ಕೆಲವೊಮ್ಮೆ ಒಂದೇ ದರಕ್ಕೆ.

ಹಾಗಾಗಿ ಹತ್ತು–ಹದಿನೆಂಟು ಕೋಣೆಗಳ ಇಂಥ ಜಾಗಕ್ಕೆ ಹೋಗುವಾಗ ಹೋಟೆಲ್ ಆರಿಸಿದರೆ ಕೆಲಸ ಅರ್ಧ ಮುಗಿದಂತೆ. ಕೋಣೆ ಆರಿಸುವುದು ಉಳಿದರ್ಧ, ಮತ್ತು ಬಹುಪಾಲು ಜನ ಬಿಟ್ಟುಬಿಡುವುದು ಅದನ್ನೇ. ಬೆಂಗಳೂರಿನಿಂದ ಸುಮಾರು 310 ಕಿ.ಮೀ. ದೂರದ ಈ ಊರಿಗೆ ಎರಡು ರಾತ್ರಿಗೆಂದು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದ್ದನ್ನು ಬರೆದಿದ್ದೇನೆ.

ಹಂತ 1: ಕಾಲುವೆಯ ಯಾವ ದಡ?

ಹಳೇ ಪೇಟೆಯ ನಡುವೆ ಉತ್ತರ–ದಕ್ಷಿಣವಾಗಿ ಒಂದು ಕಾಲುವೆ ಹರಿಯುತ್ತದೆ. ಅದರ ಪೂರ್ವಕ್ಕೆ, ಸಮುದ್ರದ ಕಡೆ ಇರುವುದು ಫ್ರೆಂಚರ ಭಾಗ. ಎಲ್ಲರೂ ಅದನ್ನು ವೈಟ್ ಟೌನ್ ಅಂತಾರೆ. ಪಶ್ಚಿಮಕ್ಕೆ ತಮಿಳರ ಭಾಗ. ನೇರ ಗೆರೆ ಎಳೆದಂಥ ಬೀದಿಗಳ ವಿನ್ಯಾಸ ಫ್ರೆಂಚರದ್ದೆಂದು ನಾವೆಲ್ಲ ನಂಬಿದ್ದರೂ ಅದರ ಮೊದಲ ನಕ್ಷೆ ಹಾಕಿದವರು ಡಚ್ಚರು. 1693ರಿಂದ ಕೆಲವು ವರ್ಷ ಊರು ಅವರ ಕೈಯಲ್ಲಿತ್ತು. 1761ರಲ್ಲಿ ಬ್ರಿಟಿಷರು ಊರನ್ನು ಹಿಡಿದು ನೆಲಸಮ ಮಾಡಿದರು. ಈಗ ನಾವು ಫೋಟೊ ತೆಗೆಯುವ ಮನೆಗಳೆಲ್ಲ ಆಮೇಲೆ ಎದ್ದವು. ಆದ್ದರಿಂದ ‘ನಾಲ್ಕು ಶತಮಾನ ಹಳೆಯ ಬಂಗಲೆ’ ಅಂತ ಯಾರಾದರೂ ಜಾಹೀರಾತು ಕೊಟ್ಟರೆ ನಕ್ಕು ಮುಂದೆ ಹೋಗಿ.

ಫ್ರೆಂಚ್ ಮನೆ ಬೀದಿಗೆ ಮುಖ ತೋರಿಸುವುದಿಲ್ಲ. ಎತ್ತರದ ಕಾಂಪೌಂಡ್, ದೊಡ್ಡ ಗೇಟು, ಒಳಗೆ ಅಂಗಳ, ಅಂಗಳದ ಸುತ್ತ ಕಂಬಸಾಲು, ಮರದ ಪಟ್ಟಿಗಳ ಉದ್ದುದ್ದ ಕಿಟಕಿ. ಚಾವಣಿ 14–15 ಅಡಿ ಎತ್ತರ ಇರುವುದುಂಟು. ತಮಿಳು ಮನೆ ಇದಕ್ಕೆ ತದ್ವಿರುದ್ಧ. ಬೀದಿಗೇ ಚಾಚಿದ ಜಗಲಿ, ಅದನ್ನು ಅವರು ತಿಣ್ಣೈ ಅಂತಾರೆ. ಒಳಗೆ ಹೋದರೆ ಮುಟ್ರಂ, ಅಂದರೆ ನಮ್ಮ ತೊಟ್ಟಿಮನೆಯ ತೊಟ್ಟಿಯೇ. ಬರ್ಮಾ ತೇಗದ ಕಂಬಗಳು, ಆತ್ತಂಗುಡಿಯ ಬಣ್ಣದ ಹಾಸುಬಿಲ್ಲೆ. ಎಷ್ಟೋ ಮನೆಗಳಲ್ಲಿ ಕೆಳಗೆ ತಮಿಳು, ಮೇಲ್ಮಹಡಿ ಫ್ರೆಂಚ್. ಈ ಮಿಶ್ರಣ ಇಲ್ಲಿಯದೇ ವಿಶೇಷ.

ಬುಸ್ಸಿ ಬೀದಿಯ ಪಾಲೇ ದ ಮಾಹೆ, ಸುಫ್ರೆನ್ ಬೀದಿಯ ವಿಲ್ಲಾ ಶಾಂತಿ, ಸುರ್ಕೂಫ್ ಬೀದಿಯ ಲಾ ವಿಲ್ಲಾ ಇವೆಲ್ಲ ಫ್ರೆಂಚ್ ಭಾಗದಲ್ಲಿವೆ. ಪೆರುಮಾಳ್ ಕೋಯಿಲ್ ಬೀದಿಯ ಮೈಸಾನ್ ಪೆರುಮಾಳ್ ತಮಿಳು ಭಾಗದ್ದು. ಹೆಸರು ಹೇಳಿದ್ದು ದಿಕ್ಕು ಗೊತ್ತಾಗಲಿ ಅಂತ. ಇದೇ ಬೀದಿಗಳಲ್ಲಿ ಅಷ್ಟೇ ಚೆಂದದ, ಹೆಸರು ಕೇಳದ ಮನೆಗಳು ಬೇಕಾದಷ್ಟಿವೆ.

ಯಾವುದು ಒಳ್ಳೆಯದು? ಬೆಳಗಾಗುವ ಮೊದಲೇ ಎದ್ದು ಕಡಲ ದಂಡೆಗೆ ನಡೆಯುವ ಆಸೆ ಇದ್ದರೆ ಫ್ರೆಂಚ್ ಭಾಗ. ನನ್ನ ಒಲವು ಮಾತ್ರ ತಮಿಳು ಭಾಗದ ಕಡೆಗೆ. ದರ ಸಾಮಾನ್ಯವಾಗಿ ಕೊಂಚ ಕಡಿಮೆ, ಬೀದಿಯಲ್ಲಿ ಹೂ ಮಾರುವವರು ಸೊಪ್ಪು ಮಾರುವವರು ಓಡಾಡುತ್ತಾರೆ, ಇಡ್ಲಿ ಎರಡು ಹೆಜ್ಜೆಯಲ್ಲಿ ಸಿಗುತ್ತದೆ. ವೈಟ್ ಟೌನ್‌ನಲ್ಲಿ ವಾರಾಂತ್ಯದ ಸಂಜೆ ನಿಮ್ಮ ಹೋಟೆಲ್ ಬಾಗಿಲಲ್ಲೇ ಯಾರದೋ ಪ್ರೀ–ವೆಡ್ಡಿಂಗ್ ಶೂಟ್ ನಡೆಯುತ್ತಿರುತ್ತದೆ. ಇನ್ನು ದೂರದ ಮಾತು: ಇಡೀ ಹಳೇ ಪೇಟೆ ಕಾಲ್ನಡಿಗೆಯ ಊರು, ಆ ದಡದಿಂದ ಈ ದಡಕ್ಕೆ ಬರುವುದೇನೂ ಕಷ್ಟವಲ್ಲ. ಕಾಲುವೆಗೆ ತಾಗಿದ ಎರಡು ಬೀದಿಗಳನ್ನು ಮಾತ್ರ ಬಿಟ್ಟುಬಿಡಿ. ಬೇಸಿಗೆಯಲ್ಲಿ ವಾಸನೆ ಬರುತ್ತದೆ.

ಹಂತ 2: ದಿನಾಂಕ ಹಾಕುವ ಮೊದಲು ಮಳೆಯನ್ನೂ ಕ್ಯಾಲೆಂಡರನ್ನೂ ನೋಡಿ

ಕರ್ನಾಟಕದವರು ಇಲ್ಲೇ ಎಡವುವುದು. ನಮ್ಮ ಮಳೆಗಾಲದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಜೂನ್–ಜುಲೈಯಲ್ಲಿ ಕರಾವಳಿ, ಮಲೆನಾಡು ತೊಯ್ದು ತೊಪ್ಪೆಯಾಗಿರುವಾಗ ಪುದುಚೇರಿ ಕಾದ ಹೆಂಚಿನಂತಿರುತ್ತದೆ, ಸಂಜೆ ಒಂದೊಂದು ಗುಡುಗು ಮಳೆ ಬಂದರೆ ಬಂತು. ಅವರ ನಿಜವಾದ ಮಳೆ ಹಿಂಗಾರು. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್‌ವರೆಗೆ, ಅದರಲ್ಲೂ ನವೆಂಬರ್‌ನಲ್ಲಿ ಜೋರು. ಅಂದರೆ ನಾವು ದಸರಾ–ದೀಪಾವಳಿ ರಜೆಗೆಂದು ಹೊರಡುವ ಹೊತ್ತಿಗೇ ಅಲ್ಲಿ ಮೋಡ ಕಟ್ಟಿರುತ್ತದೆ. 2024ರ ನವೆಂಬರ್ 30ರ ಫೆಂಗಲ್ ಚಂಡಮಾರುತ ಒಂದೇ ದಿನದಲ್ಲಿ ಪುದುಚೇರಿಯ ಮೇಲೆ 45 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಸಿತು. ನವೆಂಬರ್‌ನಲ್ಲಿ ಹೋಗುವುದಾದರೆ ರದ್ದು ಮಾಡಿದರೆ ಹಣ ವಾಪಸ್ ಬರುವ ದರದಲ್ಲೇ ಬುಕ್ ಮಾಡಿ. ಒಳ್ಳೆಯ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರವರಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದ ದರವನ್ನು ಮಾತ್ರ ನೋಡದಿರುವುದೇ ಒಳ್ಳೆಯದು.

ಆಮೇಲೆ ಊರಿನ ವಿಶೇಷ ದಿನಗಳು. ಶ್ರೀ ಅರವಿಂದ ಆಶ್ರಮದ ದರ್ಶನ ದಿನಗಳಾದ ಫೆಬ್ರವರಿ 21, ಏಪ್ರಿಲ್ 24, ಆಗಸ್ಟ್ 15, ನವೆಂಬರ್ 24ರ ಆಸುಪಾಸಿನಲ್ಲಿ ಆಶ್ರಮದ ಸುತ್ತಲಿನ ಕೋಣೆಗಳು ತಿಂಗಳುಗಳ ಮೊದಲೇ ತುಂಬಿರುತ್ತವೆ. ಆಗಸ್ಟ್ 15 ಅರವಿಂದರ ಹುಟ್ಟುಹಬ್ಬವೂ ಹೌದು. ಜುಲೈ 14ಕ್ಕೆ ಫ್ರಾನ್ಸಿನ ರಾಷ್ಟ್ರೀಯ ದಿನದ ಆಚರಣೆ. ಸೆಕೆ ತಡೆಯಬಲ್ಲವರಿಗೆ ಅದು ನೋಡುವಂಥದ್ದೇ. ನವೆಂಬರ್ 1 ನಮಗೆ ರಾಜ್ಯೋತ್ಸವ, ಅವರಿಗೆ ವಿಮೋಚನಾ ದಿನ. 1954ರ ಅದೇ ದಿನ ಫ್ರೆಂಚರ ಆಡಳಿತ ಭಾರತದ ಕೈಗೆ ಬಂತು. ಎರಡೂ ಕಡೆ ರಜೆ ಬೀಳುವುದರಿಂದ ಜನಜಂಗುಳಿ.

ವಾರಾಂತ್ಯದಲ್ಲಿ ಬೆಂಗಳೂರಿನ ಜೊತೆಗೆ ಚೆನ್ನೈ ಕೂಡ ಇಳಿಯುತ್ತದೆ. ಭಾನುವಾರ ಮಧ್ಯಾಹ್ನ ಹೋಗಿ ಮಂಗಳವಾರ ಹೊರಟರೆ ಅದೇ ಕೋಣೆ ಅಗ್ಗಕ್ಕೆ ಸಿಗುತ್ತದೆ, ಬೀದಿಯೂ ಖಾಲಿ ಸಿಗುತ್ತದೆ. ಸೋಮವಾರ ಮ್ಯೂಸಿಯಂಗೆ ರಜೆ ಅನ್ನುವುದೊಂದೇ ನಷ್ಟ.

ಹಂತ 3: ಫೋಟೊವನ್ನು ಓದಲು ಕಲಿಯಿರಿ

ಹೋಟೆಲ್‌ನವರು ಹಾಕುವ ಫೋಟೊ ಅಗಲ ಲೆನ್ಸ್‌ನದ್ದು. ಮೂಲೆಯಲ್ಲಿ ನಿಂತು ತೆಗೆದರೆ ಬಚ್ಚಲೂ ಹಜಾರದಂತೆ ಕಾಣುತ್ತದೆ. ಅದಕ್ಕೊಂದು ಉಪಾಯವಿದೆ, ನೆಲ ನೋಡಿ. ಆತ್ತಂಗುಡಿ ಹಾಸುಬಿಲ್ಲೆ ಸಾಮಾನ್ಯವಾಗಿ 8 ಅಥವಾ 10 ಇಂಚಿನ ಚೌಕ. ಫೋಟೊದಲ್ಲಿ ಗೋಡೆಯಿಂದ ಗೋಡೆಗೆ ಬಿಲ್ಲೆಗಳನ್ನು ಎಣಿಸಿ. 8 ಇಂಚಿನವು ಹದಿನೈದಿದ್ದರೆ ಕೋಣೆಯ ಅಗಲ 10 ಅಡಿ. ದೊಡ್ಡ ಮಂಚ ಆರು ಅಡಿ ನುಂಗುತ್ತದೆ. ಉಳಿದ ನಾಲ್ಕು ಅಡಿಯಲ್ಲಿ ಎರಡು ಸೂಟ್‌ಕೇಸ್ ಬಿಚ್ಚಬೇಕು.

ಕಿಟಕಿಯ ಪರದೆ ಮುಚ್ಚಿರುವ ಫೋಟೊ ಮಾತ್ರ ಇದ್ದರೆ ಅದರಾಚೆ ತೋರಿಸುವಂಥದ್ದೇನೂ ಇಲ್ಲ ಎಂದುಕೊಳ್ಳಿ. ಬಚ್ಚಲಿನ ಫೋಟೊವೇ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಈ ಹಳೇ ಮನೆಗಳಲ್ಲಿ ಕೋಣೆಗೆ ಅಂಟಿದ ಬಚ್ಚಲು ಇರಲೇ ಇಲ್ಲ, ಎಲ್ಲವೂ ಆಮೇಲೆ ಕೋಣೆಯ ಒಂದು ಮೂಲೆಯಲ್ಲಿ ಗೋಡೆ ಎಬ್ಬಿಸಿ ಮಾಡಿದವು. ಕೆಲವು ಕಡೆ ಆ ಗೋಡೆ ಚಾವಣಿಯವರೆಗೆ ಹೋಗುವುದಿಲ್ಲ. ಗಂಡ–ಹೆಂಡತಿ ಹೊಂದಿಕೊಂಡಾರು. ಅತ್ತೆಯನ್ನೋ ಮಾವನನ್ನೋ ಕರೆದುಕೊಂಡು ಹೋದಾಗ ಮುಜುಗರ.

ಉಳಿದುಕೊಂಡವರು ಬರೆದದ್ದನ್ನು ಓದುವಾಗ ನಕ್ಷತ್ರ ಎಣಿಸುವುದಕ್ಕಿಂತ ಕೋಣೆಯ ಹೆಸರು ಹುಡುಕಿ. ಇಂಥ ಹೋಟೆಲ್‌ಗಳಲ್ಲಿ ಕೋಣೆಗೆ ನಂಬರ್ ಬದಲು ಹೂವಿನದೋ ಊರಿನದೋ ಹೆಸರಿರುವುದುಂಟು. ‘ಮಹಡಿಯ ಮೂಲೆ ಕೋಣೆ ಕೊಟ್ಟಿದ್ದರು, ಎರಡು ಕಡೆ ಕಿಟಕಿ’ ಎಂಬ ಒಂದು ವಾಕ್ಯ ಐವತ್ತು ‘ಸೂಪರ್ ಸ್ಟೇ’ಗಳಿಗೆ ಸಮ. ಅಂಥದ್ದು ಸಿಕ್ಕರೆ ಬರೆದಿಟ್ಟುಕೊಳ್ಳಿ.

ಹಂತ 4: ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್

ಆ್ಯಪ್‌ನಲ್ಲಿ ದರ ನೋಡಿ, ಆದರೆ ಬುಕ್ ಮಾಡುವ ಮೊದಲು ಹೋಟೆಲ್‌ಗೇ ಫೋನ್ ಮಾಡಿ. ಹತ್ತು ಕೋಣೆಯ ಜಾಗದಲ್ಲಿ ಫೋನ್ ಎತ್ತುವವರೇ ಕೀಲಿಕೈ ಕೊಡುವವರು. ಯಾವ ಕೋಣೆಯ ಫ್ಯಾನ್ ಸದ್ದು ಮಾಡುತ್ತದೆ ಅನ್ನುವುದೂ ಅವರಿಗೆ ಗೊತ್ತಿರುತ್ತದೆ. ತಮಿಳು ಅಥವಾ ಇಂಗ್ಲಿಷ್ ನಡೆಯುತ್ತದೆ. ಬೆಳಗ್ಗೆ ಹನ್ನೊಂದರಿಂದ ಹನ್ನೆರಡು ಕೋಣೆ ಖಾಲಿ ಮಾಡಿಸುವ ಗಡಿಬಿಡಿ. ಮಧ್ಯಾಹ್ನ ಮೂರರ ಮೇಲೆ ಮಾಡಿದರೆ ಸಾವಧಾನವಾಗಿ ಮಾತಾಡುತ್ತಾರೆ.

ಮೊದಲ ಪ್ರಶ್ನೆ: ‘ಈ ದರದಲ್ಲಿ ಎಷ್ಟು ಕೋಣೆಗಳಿವೆ, ಅದರಲ್ಲಿ ನಿಮಗೇ ಇಷ್ಟವಾದದ್ದು ಯಾವುದು?’ ಎರಡನೇ ಅರ್ಧಕ್ಕೆ ಬರುವ ಉತ್ತರದಲ್ಲೇ ಹೋಟೆಲ್ ಎಂಥದ್ದು ಅಂತ ಗೊತ್ತಾಗುತ್ತದೆ. ‘ಎಲ್ಲಾ ಒಂದೇ ಸಾರ್’ ಅಂದರೆ ಅನುಮಾನ ಪಡಿ. ‘ಮೇಲಿನದು ತಗೊಳ್ಳಿ, ಗಾಳಿ ಬರುತ್ತೆ, ಆದರೆ ಮೆಟ್ಟಿಲು ಕಡಿದು’ ಅಂದರೆ ನಂಬಿ.

ಮೆಟ್ಟಿಲ ವಿಷಯ ಬಂತಲ್ಲ, ಹಳೇ ಮನೆಯಲ್ಲಿ ಲಿಫ್ಟ್ ಇರುವುದು ಅಪರೂಪ. ಮೆಟ್ಟಿಲು ಎತ್ತರ, ಕಿರಿದು, ತಿರುವಿನಲ್ಲಿ ಮೂರು ಮೂಲೆ. ಮಂಡಿನೋವಿನ ಹಿರಿಯರಿದ್ದರೆ ನೆಲಮಹಡಿಯ ಕೋಣೆಯನ್ನೇ ಕೇಳಿ. ಆದರೆ ಅಷ್ಟಕ್ಕೇ ಬಿಡಬೇಡಿ. ಬಾಗಿಲ ಹೊಸ್ತಿಲು ಎಷ್ಟು ಎತ್ತರ, ಬಚ್ಚಲಿಗೆ ಮೆಟ್ಟಿಲಿದೆಯಾ, ಮಂಚ ನೆಲದಿಂದ ಎಷ್ಟು ಮೇಲಿದೆ ಅಂತಲೂ ವಿಚಾರಿಸಿ. ನಾಲ್ಕು ಕಂಬದ ಹಳೇ ಮಂಚಗಳನ್ನು ಹತ್ತಲು ಕೆಲವು ಕಡೆ ಪುಟ್ಟ ಮಣೆ ಇಟ್ಟಿರುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದವರಿಗೆ ಆ ಮಣೆ ಕಾಣಬೇಕಲ್ಲ?

ತೊಟ್ಟಿಗೆ ತೆರೆದ ಕೋಣೆ ಚೆಂದ, ನಿಜ. ಬೆಳಕು ಬರುತ್ತದೆ, ಮಳೆ ಬಂದರೆ ಕೂತು ನೋಡಬಹುದು. ಆದರೆ ತೊಟ್ಟಿಯಲ್ಲೇ ತಿಂಡಿಯ ಮೇಜು ಹಾಕುತ್ತಾರೆ, ಬೆಳಗ್ಗೆ ಏಳಕ್ಕೆ ತಟ್ಟೆ–ಚಮಚದ ಸದ್ದು ಶುರು. ಕಿಟಕಿ ತೆಗೆದರೆ ಯಾರದೋ ಕಾಫಿ ಕಪ್ ನಿಮ್ಮ ಮುಖದೆದುರಿಗೆ. ತಡವಾಗಿ ಏಳುವವರಾದರೆ ಮಹಡಿಯ ಹಿಂಭಾಗದ ಕೋಣೆ ಕೇಳಿ. ಬೀದಿ ಕಡೆಯ ಕೋಣೆಯಾದರೆ ಹತ್ತಿರ ಗುಡಿಯೋ ಚರ್ಚೋ ಬಾರೋ ಇದೆಯಾ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಮಹಡಿಯ ಮೇಲೆ ರೆಸ್ಟೋರೆಂಟ್ ಇದ್ದರೆ ಅದು ರಾತ್ರಿ ಎಷ್ಟಕ್ಕೆ ಮುಚ್ಚುತ್ತದೆ, ಅದರ ಕೆಳಗಿನ ಕೋಣೆ ಯಾವುದು ಎನ್ನುವುದು ಮುಖ್ಯ. ಮರದ ತೊಲೆಯ ಚಾವಣಿಯಲ್ಲಿ ಕುರ್ಚಿ ಎಳೆದದ್ದು ಕೆಳಗೆ ಗುಡುಗಿದಂತೆ ಕೇಳುತ್ತದೆ.

ವೈಫೈ ಬಗ್ಗೆ ಕೇಳುವಾಗ ‘ಇದೆಯಾ’ ಅನ್ನಬೇಡಿ, ‘ಕೋಣೆಯೊಳಗೆ ಬರುತ್ತದಾ’ ಅನ್ನಿ. ಗಾರೆ ಗೋಡೆ ಒಂದು–ಒಂದೂವರೆ ಅಡಿ ದಪ್ಪ, ಸಿಗ್ನಲ್ ಅಲ್ಲೇ ಸಾಯುತ್ತದೆ. ಮನೆಯಿಂದ ಕೆಲಸ ಅಂತ ಆಫೀಸಿಗೆ ಹೇಳಿ ಹೊರಟವರು ಇದನ್ನು ಮರೆಯಬಾರದು.

ಮಕ್ಕಳಿದ್ದರೆ ವಯಸ್ಸು ಹೇಳಿ. ಇಂತಿಷ್ಟು ವರ್ಷದ ಕೆಳಗಿನವರನ್ನು ಸೇರಿಸದ ಬೊಟಿಕ್ ಹೋಟೆಲ್‌ಗಳಿವೆ. ಬೇಲಿ ಇಲ್ಲದ ಸಣ್ಣ ಈಜುಕೊಳ, ತಗ್ಗಾದ ಮಹಡಿ ಕಟಕಟೆ ನೋಡಿದರೆ ಅವರ ಕಾರಣವೂ ಅರ್ಥವಾಗುತ್ತದೆ. ಮದುವೆಯಾಗದ ಜೋಡಿ ಕೋಣೆ ಹಿಡಿಯುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಹೋಟೆಲ್‌ನವರ ಸ್ವಂತ ನಿಯಮ ಏನಿದೆಯೋ ಅದನ್ನು ಮೊದಲೇ ಕೇಳಿಬಿಟ್ಟರೆ ಬಾಗಿಲಲ್ಲಿ ನಿಂತು ವಾದಿಸುವುದು ತಪ್ಪುತ್ತದೆ.

ಕೊನೆಗೆ, ಒಪ್ಪಿದ ಕೋಣೆಯ ಹೆಸರು ಅಥವಾ ನಂಬರನ್ನು ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ. ಬರೀ ‘ಹೆರಿಟೇಜ್ ರೂಮ್’ ಅಂತ ಬರೆದದ್ದಕ್ಕೆ ಬೆಲೆ ಇಲ್ಲ.

ಹಂತ 5: 7,500ರ ಗೆರೆ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಬೊಟಿಕ್ ಹೋಟೆಲ್‌ಗಳ ದರ ಸುಳಿದಾಡುವುದು ಸರಿಯಾಗಿ ಈ ಗೆರೆಯ ಆಚೀಚೆಯೇ. ಲೆಕ್ಕ ಹಾಕಿ ನೋಡಿ: 7,400ರ ಕೋಣೆಗೆ ತೆರಿಗೆ 370, ಒಟ್ಟು 7,770. 7,600ರ ಕೋಣೆಗೆ ತೆರಿಗೆ 1,368, ಒಟ್ಟು 8,968. ದರದಲ್ಲಿ ಇನ್ನೂರರ ವ್ಯತ್ಯಾಸ, ಜೇಬಿನಿಂದ ಹೋಗುವುದು 1,198. ಹೀಗಾಗಿ ಗೆರೆಯ ಸ್ವಲ್ಪ ಮೇಲಿರುವ ದರ ಕಂಡರೆ ಚೌಕಾಸಿ ಮಾಡಲು ಅದಕ್ಕಿಂತ ಒಳ್ಳೆಯ ಕಾರಣ ಇನ್ನೊಂದಿಲ್ಲ. ಇನ್ನೂರು ಇಳಿಸಿದರೆ ಅವರಿಗೆ ಹೋಗುವುದು ಇನ್ನೂರೇ, ನಿಮಗೆ ಉಳಿಯುವುದು ಸಾವಿರದ ಮೇಲೆ. ಹೆಚ್ಚುವರಿ ಹಾಸಿಗೆ ಕೇಳಿದಾಗ ಮೊತ್ತ ಈ ಗೆರೆ ದಾಟುತ್ತದೆಯೇ ಎಂದೂ ವಿಚಾರಿಸಿ.

ಆ್ಯಪ್ ದರಕ್ಕೂ ನೇರ ದರಕ್ಕೂ ವ್ಯತ್ಯಾಸವಿಲ್ಲ ಅಂದರೂ ನೇರವಾಗಿಯೇ ಮಾಡಿ. ಆ್ಯಪ್‌ಗೆ ಕೊಡಬೇಕಾದ ಕಮಿಷನ್ ಉಳಿಯುವುದರಿಂದ ತಿಂಡಿಯನ್ನೋ ಬೇಗ ಕೋಣೆ ಕೊಡುವುದನ್ನೋ ಸೇರಿಸಿಕೊಡಲು ಅವರು ಹಿಂದೆಮುಂದೆ ನೋಡುವುದಿಲ್ಲ. ಮುಂಗಡ ಕಳಿಸುವ ಮೊದಲು ಒಂದು ಎಚ್ಚರ: ಹೋಟೆಲ್ ಹೆಸರಿನ ನಕಲಿ ಪುಟಗಳೂ ನಕಲಿ ಫೋನ್ ನಂಬರ್‌ಗಳೂ ಓಡಾಡುತ್ತಿವೆ. ಯುಪಿಐನಲ್ಲಿ ಬರುವ ಹೆಸರು ಹೋಟೆಲ್‌ನದ್ದೋ ಅದರ ಕಂಪನಿಯದ್ದೋ ಆಗಿರಲಿ. ಯಾರೋ ವ್ಯಕ್ತಿಯ ಹೆಸರು ಬಂದರೆ ಹಣ ಕಳಿಸದೆ ಇನ್ನೊಂದು ಬಾರಿ ಫೋನ್ ಮಾಡಿ.

ಇದೆಲ್ಲ ಬಜೆಟ್ಟಿಗೆ ಮೀರಿತು ಅನ್ನಿಸಿದರೆ ಆಶ್ರಮದ ಅತಿಥಿಗೃಹಗಳಿವೆ. ಕಡಲಿಗೆ ಮುಖ ಮಾಡಿದ ಪಾರ್ಕ್ ಗೆಸ್ಟ್ ಹೌಸ್ ಅವುಗಳಲ್ಲೊಂದು. ದರ ಬಹಳ ಕಡಿಮೆ, ಜಾಗ ಅತ್ಯುತ್ತಮ. ಆದರೆ ಮದ್ಯ–ಸಿಗರೇಟು ಇಲ್ಲ, ರಾತ್ರಿ ಗೇಟು ಬೇಗ ಹಾಕುತ್ತಾರೆ, ಅಲಂಕಾರ ಕೇಳಲೇಬೇಡಿ. ಒಂದು ರಾತ್ರಿ ಅಲ್ಲಿ, ಒಂದು ರಾತ್ರಿ ಬೊಟಿಕ್ ಹೋಟೆಲ್‌ನಲ್ಲಿ ಉಳಿದರೂ ಚೆನ್ನವೇ.

ಹಂತ 6: ಬೆಳಗ್ಗೆ ಐದಕ್ಕೆ ಇಳಿದು ಮಧ್ಯಾಹ್ನದವರೆಗೆ ಏನು ಮಾಡುವುದು

ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ನಸುಕಿನಲ್ಲೇ ಇಳಿಸುತ್ತದೆ. ಕೋಣೆ ಸಿಗುವುದು ಮಧ್ಯಾಹ್ನ ಒಂದಕ್ಕೋ ಎರಡಕ್ಕೋ. ನೂರು ಕೋಣೆಯ ಹೋಟೆಲ್‌ನಲ್ಲಿ ಒಂದಾದರೂ ಖಾಲಿ ಇರುತ್ತದೆ, ಹತ್ತು ಕೋಣೆಯಲ್ಲಿ ಇರುವುದಿಲ್ಲ. ಅಲ್ಲಿ ನಿಂತು ಗೋಗರೆಯುವುದರಿಂದ ಪ್ರಯೋಜನವಿಲ್ಲ. ಬ್ಯಾಗ್ ಇಡಲು, ಮುಖ ತೊಳೆಯಲು ಜಾಗ ಕೊಡುತ್ತೀರಾ ಎಂದು ಹಿಂದಿನ ದಿನವೇ ಕೇಳಿಡಿ. ಬಹುತೇಕ ಎಲ್ಲರೂ ಹೂಂ ಅನ್ನುತ್ತಾರೆ. ರಾತ್ರಿಪಾಳಿಯವರು ಆ ಹೊತ್ತಿಗೆ ಎದ್ದು ಗೇಟು ತೆಗೆಯುವಂತೆ ಹೇಳಿಡುವುದೂ ಮುಖ್ಯ.

ಬ್ಯಾಗ್ ಇಟ್ಟು ನೇರ ಕಡಲ ದಂಡೆಯ ಗೂಬೆರ್ ಅವೆನ್ಯೂಗೆ ನಡೆಯಿರಿ. ಸಂಜೆ 6ರಿಂದ ಬೆಳಗ್ಗೆ 7.30ರವರೆಗೆ ಅಲ್ಲಿ ವಾಹನ ಬಿಡುವುದಿಲ್ಲ. ಸೂರ್ಯ ಮೇಲೇಳುವುದು ಸಮುದ್ರದಿಂದ. ಮುಳುಗುವ ಸೂರ್ಯನನ್ನೇ ಕಡಲಲ್ಲಿ ಕಂಡು ಬೆಳೆದ ಮಂಗಳೂರು–ಕಾರವಾರದವರಿಗೆ ಇದು ಬೇರೆಯದೇ ನೋಟ. ದಂಡೆಯ ಮೇಲಿನ ಲೆ ಕೆಫೆಯಲ್ಲಿ ಕಾಫಿ. ಅಲ್ಲಿಂದ ಮಣಕುಳ ವಿನಾಯಕರ್ ಗುಡಿ, ಆಮೇಲೆ ಆಶ್ರಮ. ಮೂರು ವರ್ಷದೊಳಗಿನ ಮಕ್ಕಳಿಗೆ ಆಶ್ರಮದೊಳಗೆ ಪ್ರವೇಶವಿಲ್ಲ, ಫೋಟೊ ತೆಗೆಯುವಂತಿಲ್ಲ.

ರೈಲಿನವರಿಗೆ ಯಶವಂತಪುರದಿಂದ ವಾರಕ್ಕೊಂದು ಗಾಡಿಯಿದೆ. ಹುಬ್ಬಳ್ಳಿ ಕಡೆಯವರಿಗೆ ದಾದರ್–ಪುದುಚೇರಿ ಚಾಲುಕ್ಯ ಎಕ್ಸ್‌ಪ್ರೆಸ್ ಇದೆ. ನಿಲ್ದಾಣ ಹಳೇ ಪೇಟೆಯ ದಕ್ಷಿಣ ಅಂಚಿನಲ್ಲೇ ಇರುವುದರಿಂದ ಆಟೊ ಹತ್ತಿದ ಕೂಡಲೇ ಇಳಿಯಬೇಕಾಗುತ್ತದೆ. ಕಾರಿನವರು ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ, ತಿಂಡಿವನಂ ಮೇಲೆ ಬರುತ್ತಾರೆ. ಅವರಿಗೊಂದೇ ಮಾತು: ಹೋಟೆಲ್‌ಗೆ ಸ್ವಂತ ಪಾರ್ಕಿಂಗ್ ಇಲ್ಲದಿದ್ದರೆ ಎಲ್ಲಿ ನಿಲ್ಲಿಸಬೇಕು ಅಂತ ಹೊರಡುವ ಮುನ್ನವೇ ಕೇಳಿ, ನಿಲ್ಲಿಸಿದ ಮೇಲೆ ಹೊರಡುವವರೆಗೂ ಕಾರು ಮುಟ್ಟಬೇಡಿ.

ಗುರುತಿನ ಚೀಟಿ ದೊಡ್ಡವರೆಲ್ಲರದ್ದೂ ಬೇಕು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ಅದು ಯುಐಡಿಎಐ ತಾಣದಲ್ಲೇ ಸಿಗುತ್ತದೆ. ಅಮೆರಿಕದಿಂದಲೋ ಬ್ರಿಟನ್‌ನಿಂದಲೋ ಬಂದ ಅಣ್ಣ–ಅತ್ತಿಗೆ ಜೊತೆಗಿದ್ದು, ಅವರದ್ದು ಅಲ್ಲಿಯ ಪಾಸ್‌ಪೋರ್ಟ್ ಆಗಿದ್ದರೆ ಮೂಲ ಪಾಸ್‌ಪೋರ್ಟೂ ವೀಸಾ ಅಥವಾ ಒಸಿಐ ಕಾರ್ಡೂ ಕೈಯಲ್ಲಿರಲಿ. ವಿದೇಶಿ ಪ್ರಜೆಗಳ ವಿವರವನ್ನು ಹೋಟೆಲ್‌ನವರು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ‘ಮನೆಯವರೇ, ಬಿಡಿ’ ಅನ್ನುವ ಮಾತು ಅಲ್ಲಿ ನಡೆಯದು.

ಹಂತ 7: ಬ್ಯಾಗ್ ಬಿಚ್ಚುವ ಮೊದಲು

ಕೋಣೆಗೆ ಕಾಲಿಟ್ಟ ಕೂಡಲೇ ಬಾಗಿಲು ಹಾಕಿ ಮಂಚದ ಮೇಲೆ ಬೀಳಬೇಡಿ. ಜೊತೆಗೆ ಬಂದ ಹುಡುಗ ಇನ್ನೂ ಅಲ್ಲೇ ಇರುವಾಗ ಏಸಿ ಹಾಕಿಸಿ. ಎತ್ತರದ ಚಾವಣಿಯ ಕೋಣೆ ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ಹತ್ತು ನಿಮಿಷದಲ್ಲೂ ತಂಗಾಳಿ ಬೀಸದಿದ್ದರೆ ಮಾತ್ರ ಕೇಳಿ. ಬಿಸಿನೀರು ಬಿಟ್ಟು ನೋಡಿ. ಕಡಲ ಹತ್ತಿರದ ಊರಿನಲ್ಲಿ ನಲ್ಲಿ, ಚಿಲಕ, ಏಸಿಯ ಹೊರಪೆಟ್ಟಿಗೆ ಎಲ್ಲವೂ ಬೇಗ ತುಕ್ಕು ಹಿಡಿಯುತ್ತವೆ. ಎರಡು ರೆಕ್ಕೆಯ ಹಳೇ ಬಾಗಿಲಿಗೆ ಒಳಗಿನಿಂದ ಮೇಲೊಂದು ಕೆಳಗೊಂದು ಚಿಲಕವಿರುತ್ತದೆ. ಹೇಗೆ ಹಾಕುವುದು, ಹೇಗೆ ತೆಗೆಯುವುದು ಅಂತ ಒಮ್ಮೆ ತೋರಿಸಿಕೊಳ್ಳಿ. ನಾಚಿಕೆ ಪಡುವಂಥದ್ದಲ್ಲ.

ಮುಗ್ಗಲು ವಾಸನೆ ಬಂದರೆ ಮೂಲೆಯ ಗೋಡೆ ಮುಟ್ಟಿ. ಸುಣ್ಣದ ಗೋಡೆ ಮಳೆಗಾಲದಲ್ಲಿ ಸ್ವಲ್ಪ ತೇವ ಹಿಡಿಯುವುದು ಸಹಜ, ಆದರೆ ಹಾಸಿಗೆಯೇ ತಣ್ಣಗೆ ಒದ್ದೆಯಾದಂತಿದ್ದರೆ ಕೋಣೆ ಬದಲಿಸಲು ಕೇಳಿ. ಕೇಳುವುದು ಈಗಲೇ. ಬ್ಯಾಗ್ ಬಿಚ್ಚಿ, ಸ್ನಾನ ಮಾಡಿ, ಸಂಜೆ ಬಂದು ಕೇಳಿದರೆ ಯಾರೂ ಒಪ್ಪುವುದಿಲ್ಲ, ಮತ್ತು ಅಷ್ಟರೊಳಗೆ ಉಳಿದ ಕೋಣೆಗಳೂ ತುಂಬಿರುತ್ತವೆ. ತೊಟ್ಟಿಯಲ್ಲಿ ನೀರು, ಕುಂಡ ಇದ್ದ ಮೇಲೆ ಸೊಳ್ಳೆ ಇದ್ದೇ ಇರುತ್ತದೆ. ಸಂಜೆ ಐದೂವರೆಗೆ ಕಿಟಕಿ ಮುಚ್ಚಿಬಿಡಿ.

ಹಂತ 8: ಮನೆಯನ್ನು ಅನುಭವಿಸಿ

ಇಷ್ಟು ದುಡ್ಡು ಕೊಟ್ಟು ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಹತ್ತಕ್ಕೆ ಬಂದು ಮಲಗುವುದಾದರೆ ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜೇ ಸಾಕಿತ್ತು. ಈ ಕಟ್ಟಡಗಳು ಚೆಂದ ಕಾಣುವುದು ಮಧ್ಯಾಹ್ನ. ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಬಿಸಿಲು, ಎಷ್ಟೋ ಅಂಗಡಿಗಳು ಅರ್ಧ ಬಾಗಿಲು ಹಾಕಿರುತ್ತವೆ, ಗುಡಿಯೂ ಮುಚ್ಚಿರುತ್ತದೆ. ಆಗ ತೊಟ್ಟಿಯ ಪಕ್ಕದ ಆರಾಮಕುರ್ಚಿಯಲ್ಲಿ ಕೂತರೆ ಆ ಮನೆ ಕಟ್ಟಿದವರು ಸೆಕೆಯನ್ನು ಹೇಗೆ ಗೆದ್ದರು ಅನ್ನುವುದು ಮೈಗೆ ತಿಳಿಯುತ್ತದೆ. ಬಿಸಿಗಾಳಿ ತೊಟ್ಟಿಯಿಂದ ಮೇಲೇರಿ ಹೋಗುತ್ತದೆ, ಜಗಲಿಯ ನೆರಳಲ್ಲಿ ತಂಪಾದ ಗಾಳಿ ಒಳಗೆ ಬರುತ್ತದೆ. ಮರದ ಪಟ್ಟಿಯ ಕಿಟಕಿಯನ್ನು ಮುಚ್ಚಿ, ಪಟ್ಟಿಗಳನ್ನು ಮಾತ್ರ ಓರೆಯಾಗಿ ತೆರೆದಿಡಿ: ಬೆಳಕು ಸೋಸಿ ಬರುತ್ತದೆ, ಬಿಸಿಲು ಬರುವುದಿಲ್ಲ.

ಮನೆ ತೋರಿಸುತ್ತೀರಾ ಅಂತ ಕೇಳಿ. ದುರಸ್ತಿ ಹೇಗೆ ಮಾಡಿದರು, ಯಾವ ಕಂಬ ಮೂಲದ್ದು, ಯಾವುದು ಹೊಸದು ಎಂಬುದನ್ನು ಹೆಮ್ಮೆಯಿಂದ ಹೇಳುವವರು ಅಲ್ಲಿ ಇದ್ದೇ ಇರುತ್ತಾರೆ. 1980ರ ದಶಕದಿಂದ ಇಂಟ್ಯಾಕ್ ಸಂಸ್ಥೆ ಈ ಊರಿನ ಹಳೇ ಮನೆಗಳನ್ನು ಉಳಿಸುವ ಕೆಲಸದಲ್ಲಿದೆ. ಬಹಳಷ್ಟು ಮನೆಗಳು ಉರುಳದೆ ನಿಂತಿರುವುದಕ್ಕೆ ಹೋಟೆಲ್ ಆಗಿ ಬದಲಾದದ್ದೂ ಒಂದು ಕಾರಣ. ಹಳೆಯ ಶೈಲಿಯಲ್ಲಿ ಹೊಸದಾಗಿ ಕಟ್ಟಿದವೂ ಇವೆ. ಅದೇನೂ ಮೋಸವಲ್ಲ, ಅಂಥಲ್ಲಿ ಬಚ್ಚಲು ಚೆನ್ನಾಗಿರುತ್ತದೆ. ಹಳೆಯದೆಂದು ಹೇಳಿ ದರ ಏರಿಸಿದರೆ ಮಾತ್ರ ಮೋಸ.

ತೊಟ್ಟಿಮನೆಯಲ್ಲಿ ಮಾತು ಸುತ್ತುತ್ತದೆ. ಮಹಡಿಯಲ್ಲಿ ನಿಂತು ಫೋನಲ್ಲಿ ಹೇಳಿದ ಆಸ್ತಿ ಜಗಳವನ್ನು ಕೆಳಗೆ ಕಾಫಿ ಕುಡಿಯುವವರೆಲ್ಲ ಕೇಳುತ್ತಾರೆ. ಅವರಲ್ಲಿ ಇಬ್ಬರಾದರೂ ಬೆಂಗಳೂರಿನವರಿರುತ್ತಾರೆ!

ಊಟ–ತಿಂಡಿ, ವಿಶೇಷವಾಗಿ ಸಸ್ಯಾಹಾರಿಗಳಿಗೆ

ತಿಂಡಿಗೆ ಪೊಂಗಲ್–ವಡೆಯ ಜೊತೆ ಫ್ರೆಂಚ್ ಬ್ರೆಡ್ಡುಗಳನ್ನೂ ಇಡುವ ರೂಢಿ ಇದೆ. ಬಗೆಟ್‌ಗೆ ಮೊಟ್ಟೆ ಹಾಕುವುದಿಲ್ಲ. ಬ್ರಿಯೋಷ್‌ಗೆ ಹಾಕುತ್ತಾರೆ. ಕ್ರೊಸ್ಸಾಂಟ್ ಮೇಲಿನ ಹೊಳಪು ಹೆಚ್ಚಾಗಿ ಮೊಟ್ಟೆಯದೇ. ಕಿಶ್ ಅಂದರೆ ತರಕಾರಿ ಕಡುಬು ಅಂದುಕೊಂಡು ಕೇಳಬೇಡಿ, ಅದರ ಹೂರಣವೇ ಮೊಟ್ಟೆ–ಕೆನೆ. ಫ್ರೆಂಚ್ ಈರುಳ್ಳಿ ಸೂಪ್ ನೋಡಲು ಸಾತ್ವಿಕ, ಆದರೆ ಸಾಂಪ್ರದಾಯಿಕವಾಗಿ ದನದ ಮಾಂಸದ ಸಾರಿನಲ್ಲಿ ಮಾಡುವಂಥದ್ದು. ರಾಟಟೂಯಿ ಮಾತ್ರ ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿಯ ಪಲ್ಯವೇ ಸರಿ, ನೆಮ್ಮದಿಯಿಂದ ತಿನ್ನಿ. ‘ವೆಜ್ಜಾ?’ ಅಂತ ಒಂದೇ ಮಾತು ಕೇಳಿದರೆ ಮೊಟ್ಟೆಯನ್ನು ಲೆಕ್ಕಕ್ಕೆ ಹಿಡಿಯದೆ ಹೌದು ಅನ್ನುವವರಿರುತ್ತಾರೆ. ಮೊಟ್ಟೆ, ಸಾರು ಎರಡನ್ನೂ ಬಿಡಿಸಿ ಕೇಳಿ.

ಎರಡು ರಾತ್ರಿಯೂ ಹೋಟೆಲ್‌ನಲ್ಲೇ ಉಣ್ಣಬೇಡಿ. ಕೋಣೆ ದರ 7,500 ದಾಟುವ ಹೋಟೆಲ್‌ಗಳ ರೆಸ್ಟೋರೆಂಟ್ ಬಿಲ್ಲಿಗೆ ಶೇ 18 ತೆರಿಗೆ, ಹೊರಗಿನ ಮಾಮೂಲಿ ಹೋಟೆಲ್‌ನಲ್ಲಿ ಶೇ 5. ನೆಹರೂ ಬೀದಿಯ ಇಂಡಿಯನ್ ಕಾಫಿ ಹೌಸ್‌ನ ಕಾಫಿಗೆ ಯಾವ ಅಲಂಕಾರವೂ ಬೇಕಿಲ್ಲ.

ಹೊರಡುವ ದಿನ

ಬಿಲ್ಲನ್ನು ಹಿಂದಿನ ರಾತ್ರಿಯೇ ಕೇಳಿ ಓದಿ. ‘ಸರ್ವಿಸ್ ಚಾರ್ಜ್’ ಎಂಬ ಸಾಲಿದ್ದರೆ ತೆಗೆಸಬಹುದು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಆ ಹಣವನ್ನು ಉಳಿಸಿಕೊಂಡು ಸುಮ್ಮನೆ ಹೊರಡಬೇಡಿ. ಮೆಟ್ಟಿಲ ಮೇಲೆ ಸೂಟ್‌ಕೇಸ್ ಹೊತ್ತವನ, ಕೋಣೆ ಗುಡಿಸಿದಾಕೆಯ ಕೈಗೆ ನೇರವಾಗಿ ಕೊಡಿ. ಇಂಥ ಸಣ್ಣ ಜಾಗದಲ್ಲಿ ಅವರು ಯಾರೆಂದು ನಿಮಗೆ ಗೊತ್ತಿರುತ್ತದೆ.

ರಾತ್ರಿ ಬಸ್ಸಿನವರು ಕೋಣೆ ಬಿಟ್ಟ ಮೇಲೂ ಬ್ಯಾಗ್ ಅಲ್ಲೇ ಇಡಬಹುದು. ಹೊರಡುವ ಮುನ್ನ ಸ್ನಾನಕ್ಕೆ ಜಾಗ ಬೇಕಾದರೆ ಬೆಳಗ್ಗೆಯೇ ಕೇಳಿ, ಸಂಜೆ ಆರಕ್ಕಲ್ಲ. ಕಾರಿನವರಿಗೆ ವಾಪಸ್ ದಾರಿಯಲ್ಲಿ ಸೆಂಜಿ ಕೋಟೆ ಸಿಗುತ್ತದೆ. 2025ರಲ್ಲಿ ಮರಾಠರ ಕೋಟೆಗಳ ಗುಂಪಿನೊಂದಿಗೆ ಯುನೆಸ್ಕೊ ಪಟ್ಟಿ ಸೇರಿದೆ. ಹತ್ತುವ ಆಸೆಯಿದ್ದರೆ ಹೋಟೆಲ್ ತಿಂಡಿಯನ್ನು ಕಟ್ಟಿಸಿಕೊಂಡು ಏಳಕ್ಕೇ ಹೊರಡಿ, ಹನ್ನೊಂದಕ್ಕೆ ಕೋಣೆ ಬಿಟ್ಟು ಹೊರಟರೆ ಬಂಡೆ ಕಾದಿರುತ್ತದೆ. ಇನ್ನು ಪುದುಚೇರಿಯಲ್ಲಿ ಮದ್ಯ ಅಗ್ಗ ಅಂತ ಡಿಕ್ಕಿ ತುಂಬಿಸುವವರಿಗೆ: ಊರ ಅಂಚು ದಾಟಿದರೆ ತಮಿಳುನಾಡು, ಗಡಿಯಲ್ಲಿ ತಪಾಸಣೆ ಇರುತ್ತದೆ, ಬಾಟಲಿಯ ಜೊತೆ ಕಾರೂ ಅಲ್ಲೇ ಉಳಿದೀತು.